ಅಜ್ಜಿಯ ಕರಾರು, ನನ್ನ ಎಡಗೈ

ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಕಾಯಿನ್ ಬಾಕ್ಸ್ ಫೋನಿನ ಮುಂದೆ ಜನ ಸಾಲು ನಿಲ್ಲುತ್ತಿದ್ದ ಕಾಲ ಅದು. ಮೊಬೈಲು ಇದ್ದವರು ಅದನ್ನು ಅಂಗಿ ಜೇಬಿನಿಂದ ಅರ್ಧ ಹೊರಗೆ ಕಾಣುವ ಹಾಗೆ ಇಟ್ಟುಕೊಂಡು ಓಡಾಡುತ್ತಿದ್ದರು. ಮಾತಾಡಬೇಕೆಂದರೆ ಮಾತ್ರ ಸಿಗ್ನಲ್ ಹುಡುಕಿ ದಿಬ್ಬ ಹತ್ತಬೇಕಿತ್ತು. ರಜೆ ಬಂತೆಂದರೆ ಹುಡುಗಿಯರಿಗೆ ಸಂಗೀತ, ಭರತನಾಟ್ಯ, ಅದೂ ಬೇಡವೆಂದರೆ ಹೊಲಿಗೆ. ಅಂಥ ದಿನಗಳಲ್ಲಿ, ಒಂದು ದಸರಾ ರಜೆಗೆ ಸರಿಯಾಗಿ, ಕೊಪ್ಪದಲ್ಲಿ ಹುಡುಗಿಯರ ಕರಾಟೆ ಕ್ಲಾಸು ಶುರುವಾಯಿತು. ಆ ಚಳಿಗಾಲ ಮುಗಿಯುವ ಹೊತ್ತಿಗೆ ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಮೂರೂ ತಾಲ್ಲೂಕು ಹುಡುಕಿದರೂ ನನ್ನಂಥ ಎಡಗೈ ಇನ್ನೊಬ್ಬ ಹುಡುಗಿಗೆ ಇರಲಿಲ್ಲ. ಜಂಬ ಅಂದುಕೊಳ್ಳುವವರು ಅಂದುಕೊಳ್ಳಿ. ನನ್ನ ಕೈಯ ಸಂಗತಿ ನಾನು ಹೇಳದೆ ಇನ್ನ್ಯಾರು ಹೇಳಬೇಕು?

ನಮ್ಮದು ಹರಿಹರಪುರದಲ್ಲಿ ಹಿಟ್ಟಿನ ಗಿರಣಿ. ಊರವರ ಬಾಯಲ್ಲಿ ಅದು ಬರೀ ‘ಮಿಲ್ಲು’. ಅಪ್ಪನ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲವೂ ಸಂಜೆ ಸ್ನಾನ ಮಾಡುವವರೆಗೆ ಬೆಳ್ಳಗೇ ಇರುತ್ತಿದ್ದವು. ಬಿಸಿ ರಾಗಿ ಹಿಟ್ಟಿನ ವಾಸನೆ ನಮ್ಮ ಶಾಲೆಯ ಚೀಲಕ್ಕೂ ಹತ್ತಿತ್ತು. ಮೆಣಸಿನಕಾಯಿ ಬೀಸುವ ದಿನ ಬೀದಿಯಲ್ಲಿ ಹೋಗುವವರೆಲ್ಲ ಸೀನುತ್ತ, ಅಪ್ಪನಿಗೆ ಬೈಯುತ್ತ ಹೋಗುತ್ತಿದ್ದರು. ಬಾಗಿಲ ಪಕ್ಕದ ಬೆಂಚಿನ ಮೇಲೆ ನಮ್ಮಜ್ಜಿ, ಅಪ್ಪನ ಅಮ್ಮ, ಕೊಡೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿರುತ್ತಿದ್ದಳು. ಯಾರ ಡಬ್ಬ ಮೊದಲು ಬಂತು, ಯಾರದ್ದು ಆಮೇಲೆ ಎನ್ನುವುದರಿಂದ ಹಿಡಿದು ಮನೆಯಲ್ಲಿ ಯಾರು ಎಲ್ಲಿಗೆ ಹೋಗಬೇಕು ಎನ್ನುವವರೆಗೆ ಅವಳದ್ದೇ ತೀರ್ಮಾನ. ಅಪ್ಪನನ್ನು ಏನಾದರೂ ಕೇಳಿದರೆ ಅವರು ಮೊದಲು ಬೆಂಚಿನ ಕಡೆ ನೋಡುತ್ತಿದ್ದರು.

ಕರಾಟೆಗೆ ಹೋಗುತ್ತೇನೆ ಎಂದು ಹೇಳಿದಾಗಲೂ ಅಪ್ಪ ಬೆಂಚಿನ ಕಡೆಯೇ ನೋಡಿದರು.

“ಎಂತ ಕಲಿಸ್ತಾರಂತೆ ಅಲ್ಲಿ?” ಅಂದಳು ಅಜ್ಜಿ.

“ಗುದ್ದೋದು, ಒದೆಯೋದು.”

“ಒಳ್ಳೇದೇ ಆಯ್ತು ಬಿಡು. ಹೆಣ್ಣುಮಕ್ಕಳಿಗೆ ಎರಡು ಬಿಗಿಯೋಕೆ ಗೊತ್ತಿರ್ಬೇಕು. ಹೋಗ್ಲಿ ಅವಳು.”

ನಾನು ಅಲ್ಲಿಗೇ ನಿಲ್ಲಿಸಿದ್ದರೆ ಸಾಕಿತ್ತು. ಖುಷಿ ತಡೆಯಲಾಗದೆ, ಶಾಲೆಗೆ ಬಂದು ಕರಾಟೆ ಮಿಸ್ ತೋರಿಸಿ ಹೋಗಿದ್ದ ಒದೆತವನ್ನು ಅಲ್ಲೇ ಗಿರಣಿಯೊಳಗೆ ಮಾಡಿ ತೋರಿಸಿದೆ. ಕಾಲು ಸೀದಾ ಹೋಗಿ ಯಾರದೋ ರಾಗಿ ಚೀಲಕ್ಕೆ ಬಡಿಯಿತು. ಅಜ್ಜಿಯ ಮುಖ ಗಂಟಾಯಿತು.

“ಮುಟ್ಟು. ಕಣ್ಣಿಗೊತ್ಕೋ.”

ಚೀಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಇದು ನಿಮಗೂ ಹೇಳಿಕೊಡಬೇಕಾದ್ದಲ್ಲ. ಪುಸ್ತಕಕ್ಕೆ ಕಾಲು ತಾಗಿದರೆ, ಧಾನ್ಯಕ್ಕೆ ತಾಗಿದರೆ, ಮನುಷ್ಯರಿಗೆ ತಾಗಿದರೆ ಬಲಗೈ ತಾನಾಗಿ ಹೋಗಿ ಮುಟ್ಟುತ್ತಿತ್ತು, ಕಣ್ಣಿಗೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಅದಕ್ಕೆ ರಿಯಾಯಿತಿಯೇ ಇರಲಿಲ್ಲ. ಚಾಪೆಯ ಮೇಲೆ ಮಲಗಿದ್ದ ಎಳೆಗೂಸು ತಮ್ಮನಿಗೆ ಕಾಲು ತಾಗಿದಾಗಲೂ ಅಜ್ಜಿ ನನ್ನಿಂದ ಮುಟ್ಟಿಸಿದ್ದಳು.

“ಅಲ್ಲಿ ದಿನಾ ಜನರಿಗೆ ಕಾಲು ತಾಗಿಸ್ತೀಯಾ ಹಂಗಾದ್ರೆ?”

“ಕರಾಟೆ ಅಂದ್ರೆ ಹಂಗೇ ಅಜ್ಜಿ.”

ಅಜ್ಜಿ ಕೊಡೆಯ ತುದಿಯಿಂದ ನೆಲ ಕುಟ್ಟಿದಳು. “ಹೋಗು, ಬೇಡ ಅನ್ನೋದಿಲ್ಲ. ಆದ್ರೆ ಕಾಲು ಯಾರಿಗೆ ತಾಗಿದ್ರೂ ಅಲ್ಲೇ, ಆಗಲೇ ಮುಟ್ಟಿ ಕಣ್ಣಿಗೊತ್ಕೋಬೇಕು. ಸಣ್ಣೋರಾಗ್ಲಿ ದೊಡ್ಡೋರಾಗ್ಲಿ. ಇಲ್ಲ ಅಂತ ನನ್ನ ಕಿವಿಗೆ ಬಿತ್ತೋ, ಅವತ್ತಿಗೆ ನಿನ್ನ ಕರಾಟೆ ಮುಗೀತು.”

ಅದೇ ಕರಾರು. ಆ ವಯಸ್ಸಿನಲ್ಲಿ ನನಗೆ ಕರಾಟೆ ಎಷ್ಟು ಬೇಕಾಗಿತ್ತೆಂದರೆ, ತಲೆಕೆಳಗಾಗಿ ನಡೆದುಕೊಂಡು ಹೋಗು ಎಂದಿದ್ದರೂ ಒಪ್ಪಿಕೊಳ್ಳುತ್ತಿದ್ದೆ.

ಕ್ಲಾಸು ನಡೆಯುತ್ತಿದ್ದುದು ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ, ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಬೆಳಿಗ್ಗೆ. ಹಿಂದಿನ ದಿನ ಮದುವೆ ಇದ್ದರೆ ನೆಲಕ್ಕೆಲ್ಲ ಸಾಂಬಾರಿನ ವಾಸನೆ, ಅಂಗಾಲಿಗೆ ಒಣಗಿದ ಅನ್ನದ ಅಗಳು. ಅಗಳಿಗೆ ಕಾಲು ತಾಗಿದ್ದಕ್ಕೂ ಕಣ್ಣಿಗೊತ್ತಿಕೊಳ್ಳಬೇಕಾ ಎಂದು ನಾನು ನಿಜವಾಗಿಯೂ ತಲೆ ಕೆಡಿಸಿಕೊಂಡಿದ್ದೆ.

ಗೀತಾ ಮಿಸ್ ಭದ್ರಾವತಿಯವರು. ಕಾಲೇಜಿನ ಮೇಷ್ಟರೊಬ್ಬರನ್ನು ಮದುವೆಯಾಗಿ ಕೊಪ್ಪಕ್ಕೆ ಬಂದಿದ್ದರು. ಚೂಡಿದಾರದ ಪ್ಯಾಂಟಿನ ಮೇಲೆ ಕರಾಟೆಯ ಬಿಳಿ ಅಂಗಿ, ಸೊಂಟಕ್ಕೆ ಸವೆದು ಬೂದಿ ಬಣ್ಣಕ್ಕೆ ತಿರುಗಿದ ಕಪ್ಪು ಬೆಲ್ಟ್, ಕರಿಮಣಿ ಸರ ಹಾರಾಡದ ಹಾಗೆ ಒಳಗೆ ಸೇಫ್ಟಿ ಪಿನ್. ಗಟ್ಟಿಯಾಗಿ ಕೂಗಿದ್ದನ್ನು ನಾನು ಕೇಳಲೇ ಇಲ್ಲ. ಮೊದಲ ದಿನವೇ ಅವರು ಕಲಿಸಿದ್ದು ಗುದ್ದನ್ನಲ್ಲ, ಬಾಗುವುದನ್ನು. ಹಾಲಿಗೆ ಬರುವಾಗ ಬಾಗಬೇಕು, ಜೊತೆಗಾರ್ತಿಗೆ ಬಾಗಬೇಕು, ಮುಗಿದ ಮೇಲೆ ಮತ್ತೆ ಬಾಗಬೇಕು. ನಾವೆಲ್ಲ ನೆಲ ನೋಡಿಕೊಂಡು ಬಾಗಿದೆವು. ಹಿರಿಯರ ಮುಂದೆ ಹಾಗೆ ತಾನೆ ನಾವು ಕಲಿತದ್ದು.

“ಕಣ್ಣು ಮೇಲೆ,” ಅಂದರು ಮಿಸ್. “ಎದುರಿಗಿರೋಳನ್ನ ನೋಡ್ತಾ ಬಾಗಿ. ಅವಳು ನಿಮಗೆ ಹೊಡೀಬಲ್ಲಳು ಅಂತ ನಂಬೋದೇ ಅವಳಿಗೆ ಕೊಡೋ ಮರ್ಯಾದೆ.”

ನನಗೆ ಆಗ ಅದು ತಲೆಗೆ ಹೋಗಲಿಲ್ಲ. ಹೊಡೆಯುವವರಿಗೆ ಎಂಥ ಮರ್ಯಾದೆ ಮಾರಾಯ್ರೆ ಎಂದುಕೊಂಡೆ. ನನ್ನ ಕಷ್ಟವೇ ಬೇರೆ ಇತ್ತು. ಒದೆಯುವುದು, ಬಗ್ಗಿ ಮುಟ್ಟುವುದು, ಕಣ್ಣಿಗೊತ್ತಿಕೊಳ್ಳುವುದು, ಮತ್ತೆ ಎದ್ದು ಒದೆಯುವುದು. ಉಳಿದವರು ಹತ್ತು ಸಲ ಒದೆಯುವಷ್ಟರಲ್ಲಿ ನನ್ನದು ಅರ್ಧವೂ ಆಗಿರುತ್ತಿರಲಿಲ್ಲ. “ಬಂದ್ಲಪ್ಪ ನಮಸ್ಕಾರದೋಳು” ಎಂದು ಹುಡುಗಿಯರು ನಗುತ್ತಿದ್ದರು. ಭಂಡಿಗಡಿಯಿಂದ ಬರುತ್ತಿದ್ದ ಒಬ್ಬಳಂತೂ ನನ್ನ ಜೋಡಿಯಾದಾಗ ಬೇಕೆಂದೇ ಕಾಲನ್ನು ಅಡ್ಡ ಇಟ್ಟು, ತಾಗಿಸಿಕೊಂಡು, “ಮುಟ್ಟು ಮಗಾ, ಆಶೀರ್ವಾದ ಮಾಡ್ತೀನಿ” ಅನ್ನುತ್ತಿದ್ದಳು. ಸಿಟ್ಟು ನೆತ್ತಿಗೇರುತ್ತಿತ್ತು. ಆದರೂ ಮುಟ್ಟುತ್ತಿದ್ದೆ. ಹರಿಹರಪುರದಿಂದ ಕೊಪ್ಪಕ್ಕೆ ಬರುವ ಬಸ್ಸಿನ ತುಂಬ ನಮ್ಮ ಗಿರಣಿಯ ಗಿರಾಕಿಗಳೇ. ಅಜ್ಜಿಯ ಕಿವಿಗೆ ಏನು ಬೇಕಾದರೂ ಸಂಜೆಯೊಳಗೆ ತಲುಪುತ್ತಿತ್ತು.

ಮಿಸ್ ನಗಲಿಲ್ಲ. ಬಯ್ಯಲೂ ಇಲ್ಲ. ಒಂದು ಭಾನುವಾರ ಅವರೇ ನನ್ನ ಎದುರು ನಿಂತರು. ಒದ್ದೆ, ತಾಗಿತು, ಬಗ್ಗಿದೆ. ತಲೆ ಎತ್ತುವಾಗ ಅವರ ಮುಷ್ಟಿ ನನ್ನ ಹಣೆಗೆ ಆನಿಕೊಂಡಿತ್ತು.

“ಈಗ ನಾನು ಹೊಡೆದಿದ್ರೆ?”

ಅಳು ಬಂತು. ಅಜ್ಜಿಯ ಕರಾರನ್ನು ಹೇಳಿದೆ. ಅವರು ಸೊಂಟದ ಮೇಲೆ ಕೈ ಇಟ್ಟುಕೊಂಡು ಯೋಚಿಸಿದರು.

“ನಿಮ್ಮಜ್ಜಿ ಹೇಳಿದ್ದನ್ನ ಬಿಡು ಅಂತ ನಾನು ಹೇಳಲ್ಲ. ನಿನಗೆ ಕಾಲು ತಾಗಿಸೋ ಹಾಗಿಲ್ಲ, ಅಷ್ಟೇ ತಾನೆ? ಕೈ ತಾಗಿಸಬಹುದಲ್ಲ?”

“ಕೈಗೆ ಏನೂ ಹೇಳಿಲ್ಲ ಮಿಸ್.”

“ಹಾಗಾದ್ರೆ ನಿನಗೆ ಜಾಬ್ ಸಾಕು.”

ಮುಂದಿಟ್ಟ ಕೈಯಿಂದ ನೇರ ಹೊಡೆಯುವ ಗುದ್ದಿಗೆ ಕರಾಟೆಯಲ್ಲಿ ಬೇರೇನೋ ಉದ್ದದ ಜಪಾನಿ ಹೆಸರಿದೆ. ನಾವೆಲ್ಲ ಜಾಬ್ ಅಂತಲೇ ಕರೆಯುತ್ತಿದ್ದೆವು. ನೋಡುವುದಕ್ಕೆ ಏನೂ ಇಲ್ಲದ ಗುದ್ದು ಅದು. ಒದೆತದ ಹಾಗೆ ಚಪ್ಪಾಳೆ ಗಿಟ್ಟಿಸುವುದಿಲ್ಲ. ಮೊದಮೊದಲು ನನಗೂ ಬೇಸರವೇ ಆಗಿತ್ತು. ಆದರೆ ಅದನ್ನು ಸರಿಯಾಗಿ ಹೊಡೆಯಲು ಹೋದಾಗ ಗೊತ್ತಾಯಿತು, ಅದು ಎಂಥ ಪಾಕಡಾ, ಕಿಲಾಡಿ ಗುದ್ದು ಎಂದು. ಮುಷ್ಟಿಯನ್ನು ಮೊದಲೇ ಬಿಗಿ ಹಿಡಿದರೆ ತೋಳು ಮರಗಟ್ಟುತ್ತದೆ. ಸಡಿಲವಾಗಿ ಹೋಗಬೇಕು, ಕೊನೇ ಗಳಿಗೆಯಲ್ಲಿ ಬಿಗಿಯಬೇಕು. ಮೊಣಕೈ ಹೊರಗೆ ಬಾಗಿದರೆ ಎದುರಿನವಳಿಗೆ ಮೊದಲೇ ಸುದ್ದಿ ಹೋಗುತ್ತದೆ. ಕೈ ಹೋಗುವಾಗ ಭುಜ ಮೇಲೆದ್ದು ಗದ್ದವನ್ನು ಮುಚ್ಚಬೇಕು. ಎಡಗಾಲು ಕೈಯ ಜೊತೆಗೇ ಮುಂದೆ ಹೋಗಬೇಕು, ಇನ್ನೊಂದು ಕೈ ಗದ್ದ ಬಿಟ್ಟು ಕದಲಬಾರದು. ಮುಖಕ್ಕೆ ಹೊಡೆದರೆ ಚರ್ಮ ಮುಟ್ಟುವ ಮೊದಲು ನಿಲ್ಲಬೇಕು. ಜೋರಾಗಿ ತಾಗಿಸಿದರೆ ಪಾಯಿಂಟ್ ಇಲ್ಲ, ಬೈಗುಳ.

“ಹೊಡೆದದ್ದು ಮುಖ್ಯ ಅಲ್ಲ,” ಅನ್ನುತ್ತಿದ್ದರು ಮಿಸ್. “ಹೋದ ದಾರೀಲೇ ಅಷ್ಟೇ ಬೇಗ ವಾಪಸ್ ಬರ್ಬೇಕು. ಕೈ ಗದ್ದಕ್ಕೆ ಬರೋವರೆಗೆ ಗುದ್ದು ಮುಗಿದಿಲ್ಲ. ಕಣ್ಣು ಅವಳನ್ನ ಬಿಡೋ ಹಾಗಿಲ್ಲ.”

ಮನೆಯಲ್ಲಿ ಅಭ್ಯಾಸ ಮಾಡಲು ನಾನೇ ಒಂದು ಉಪಾಯ ಕಂಡುಹಿಡಿದೆ. ಗಿರಣಿಯ ಮೊಳೆಗೆ ಅಜ್ಜಿಯ ಕಪ್ಪು ಕೊಡೆಯನ್ನು ಬಿಚ್ಚಿ ನೇತುಹಾಕಿದೆ. ಎಡಮುಷ್ಟಿಯನ್ನು ಅಕ್ಕಿ ಹಿಟ್ಟಿನಲ್ಲಿ ಅದ್ದಿ ಕೊಡೆಯ ಬಟ್ಟೆಗೆ ಜಾಬ್ ಹೊಡೆದೆ. ಬಟ್ಟೆಯ ಮೇಲೆ ಬಿಳಿ ಕಲೆ ಬಿದ್ದರೆ ಕೈ ತಾಗಿತು ಅಂತ ಅರ್ಥ. ಕಲೆ ಬೀಳಬಾರದು, ಆದರೆ ಗುದ್ದಿನ ಗಾಳಿಗೆ ಬಟ್ಟೆ ಅಲುಗಬೇಕು. ಹಾಗಾದರೆ ಅದು ಜಾಬ್.

ಮೊದಲ ವಾರ ಕೊಡೆ ಪೂರ್ತಿ ಬೆಳ್ಳಗಾಯಿತು. ಅಜ್ಜಿ ಅದನ್ನು ಝಾಡಿಸಿಕೊಂಡು ಪೇಟೆಗೆ ಹೋಗುತ್ತಿದ್ದಳು, ಬಂದು ತಾನೇ ಮೊಳೆಗೆ ಹಾಕುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯುವುದಿರಲಿ, ಗಿರಾಕಿಗಳ ಡಬ್ಬ ಮರೆತು ನನ್ನನ್ನೇ ನೋಡುತ್ತ ಕೂರುತ್ತಿದ್ದಳು.

“ಬಿತ್ತು ಕಲೆ. ಇನ್ನೊಂದು.”

“ಈಗ ಬಿದ್ದಿಲ್ಲ ಅಜ್ಜಿ.”

“ಬಿದ್ದಿಲ್ಲ, ಆದ್ರೆ ಕೊಡೇನೂ ಅಲ್ಲಾಡ್ಲಿಲ್ಲ. ಎಂತ, ಕೈಯಲ್ಲಿ ಜೀವ ಇಲ್ವನೇ? ಇನ್ನೊಂದು.”

ದೀಪಾವಳಿ ಕಳೆಯುವ ಹೊತ್ತಿಗೆ ಅವಳೇ ತಪ್ಪು ಹುಡುಕುವಷ್ಟು ಪಳಗಿದ್ದಳು. “ನೀ ಗುದ್ದೋಕೆ ಮುಂಚೆ ನಿನ್ನ ಬಾಯಿ ಬಿಗಿಯಾಗ್ತದೆ ಮಾರಾಯ್ತಿ. ನಾನಾಗಿದ್ರೆ ತಪ್ಪಿಸ್ಕೊಂಡುಬಿಡ್ತಿದ್ದೆ.” ಹಿಟ್ಟು ಒಯ್ಯಲು ಬಂದವರಿಗೆ, “ನಿಲ್ಲಿ, ನಮ್ಮ ಹುಡುಗಿಯದ್ದು ಒಂದು ನೋಡಿ ಹೋಗಿ” ಎಂದು ತೋರಿಸುತ್ತಿದ್ದಳು. ನೋಡಿದವರು ತಮ್ಮ ಮೂಗನ್ನು ಒಮ್ಮೆ ಮುಟ್ಟಿಕೊಂಡು ಹೋಗುತ್ತಿದ್ದರು. ನನ್ನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಸಿಕ್ಕಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಎನ್.ಆರ್. ಪುರದಲ್ಲಿ ಸುತ್ತಿನ ತಾಲ್ಲೂಕುಗಳ ಹುಡುಗಿಯರ ಪಂದ್ಯ ಎಂದು ಮಿಸ್ ಹೇಳಿದರು. ಗೆದ್ದವರಿಗೆ ಚಿಕ್ಕಮಗಳೂರು. ನಾನು ಆಗಲೇ ಮನಸ್ಸಿನಲ್ಲಿ ಚಿಕ್ಕಮಗಳೂರು ಸುತ್ತಿ ಬಂದಾಗಿತ್ತು. ಆದರೆ ಅಜ್ಜಿ, “ಆ ಕಡೆ ನನ್ನ ತವರು. ಎಷ್ಟು ಕಾಲ ಆಯ್ತು ಹೋಗದೆ. ನಾನೂ ಬರ್ತೀನಿ” ಅಂದಾಗ ಚಿಕ್ಕಮಗಳೂರು ಮರೆತೇ ಹೋಯಿತು. ಇಷ್ಟು ದಿನ ಕರಾರಿನ ವರದಿ ಬಸ್ಸಿನಲ್ಲಿ ಹೋಗುತ್ತಿತ್ತು. ಈಗ ಅವಳೇ ಮುಂದಿನ ಸಾಲಿನಲ್ಲಿ ಕೂರುವವಳು. ಪಂದ್ಯದ ಮಧ್ಯೆ ಕಾಲು ತಾಗಿ ನಾನು ಬಗ್ಗದಿದ್ದರೆ ಅವತ್ತಿಗೇ ಕ್ಲಾಸು ಬಂದ್. ಬಗ್ಗಿದರೆ ಎದುರಿನವಳು ಬಿಡುತ್ತಾಳಾ? ಬಸ್ಸಿನುದ್ದಕ್ಕೂ ನಾನು ನನ್ನ ಕಾಲುಗಳಿಗೇ ಬುದ್ಧಿ ಹೇಳುತ್ತಾ ಹೋದೆ. ನೀವು ಸುಮ್ಮನಿರಿ, ಉಳಿದದ್ದನ್ನು ಕೈ ನೋಡಿಕೊಳ್ಳುತ್ತದೆ.

ಪಂದ್ಯ ಒಂದು ಶಾಲೆಯ ಹಾಲಿನಲ್ಲಿ. ಹೊರಗೆ ಒಲೆ ಹೂಡಿ ಉಪ್ಪಿಟ್ಟು ಮಾಡುತ್ತಿದ್ದರು. ಸಾಸಿವೆ ಒಗ್ಗರಣೆಯ ಘಾಟು, ಹೊಸ ಮ್ಯಾಟಿನ ರಬ್ಬರ್ ವಾಸನೆ, ಹುಡುಗಿಯರ ಅಂಗಿಗಳ ನೀಲಿ ಹಾಕಿ ಒಗೆದ ವಾಸನೆ, ಎಲ್ಲ ಸೇರಿ ಮೂಗಿನಲ್ಲಿ ಇವತ್ತಿಗೂ ಕೂತಿದೆ. ಅಜ್ಜಿ ಮುಂದಿನ ಕುರ್ಚಿಯಲ್ಲಿ ಕೊಡೆ ಊರಿಕೊಂಡು ಕೂತಳು.

ಮೊದಲೆರಡು ಪಂದ್ಯ ಹೇಳುವುದಕ್ಕೇ ಏನಿಲ್ಲ. ಎದುರಿನವರು ಕಾಲೆತ್ತುವಷ್ಟರಲ್ಲಿ ನನ್ನ ಎಡಗೈ ಅವರ ಮೂಗಿನ ಮುಂದೆ ಹೋಗಿ ವಾಪಸ್ ಬಂದಾಗಿತ್ತು. ಒಂದು ಸಲವೂ ನಾನು ಒದೆಯಲಿಲ್ಲ, ನನ್ನ ಕಾಲು ಯಾರಿಗೂ ತಾಗಲಿಲ್ಲ. ಅಜ್ಜಿ ಪಕ್ಕದವರಿಗೆ, “ಹಿಟ್ಟೂ ಹತ್ತೋದಿಲ್ಲ, ಅಷ್ಟು ಹತ್ರ ಹೋಗಿ ಬರ್ತದೆ” ಎಂದು ವಿವರಿಸುತ್ತಿದ್ದುದು ನನಗೂ ಕೇಳುತ್ತಿತ್ತು.

ಕೊನೆಯ ಪಂದ್ಯಕ್ಕೆ ಎದುರಾದವಳು ಎನ್.ಆರ್. ಪುರದವಳೇ, ನಂದಿನಿ. ನನಗಿಂತ ಎತ್ತರ, ಉದ್ದ ಕಾಲು, ಎರಡು ಜಡೆ ಮಡಚಿ ಕಟ್ಟಿದ್ದಳು. ಬಾಗುವಾಗ ನನ್ನನ್ನು ಕಣ್ಣು ಮಿಟುಕಿಸದೆ ನೋಡಿದಳು. ನಾನೂ ನೋಡಿದೆ. ಇವಳು ನನಗೆ ಹೊಡೆಯಬಲ್ಲಳು ಎಂದು ಆ ಕ್ಷಣಕ್ಕೆ ಪೂರ್ತಿ ನಂಬಿಕೆ ಬಂತು. ಮಿಸ್ ಹೇಳಿದ ಮರ್ಯಾದೆ ಎಂದರೆ ಏನೆಂದು ಆಗ ಗೊತ್ತಾಯಿತು. ಹೆದರಿಕೆಯೂ ಆಯಿತು, ಅವಳು ಇಷ್ಟವೂ ಆದಳು.

ನನ್ನದೊಂದು ಜಾಬ್, ಪಾಯಿಂಟ್. ಅವಳ ಕಾಲು ನನ್ನ ಪಕ್ಕೆಗೆ, ಅವಳಿಗೆ ಪಾಯಿಂಟ್. ಮತ್ತೆ ನನ್ನದು, ಮತ್ತೆ ಅವಳದ್ದು. ಇಬ್ಬರೂ ಸಮ. ಸಮಯ ಮುಗಿಯುತ್ತಾ ಬಂದಿತ್ತು. ರೆಫ್ರಿ ಕೈ ಬೀಸಿ ಮತ್ತೆ ಶುರು ಎಂದರು. ಅವಳು ಒದೆಯಲು ಸೊಂಟ ತಿರುಗಿಸಿದ್ದು ಕಂಡಿತು. ಇದೇ ಹೊತ್ತು ಎಂದುಕೊಂಡು ಎಡಗಾಲು ಮುಂದಿಟ್ಟು ಕೈ ಬಿಟ್ಟೆ.

ಎಡಗಾಲು ಇಳಿದದ್ದು ಅವಳ ಪಾದದ ಮೇಲೆ.

ಎಡಗೈ ಆಗಲೇ ಹೊರಟಿತ್ತು. ಸಡಿಲವಾಗಿ ಹೋಯಿತು, ಕೊನೆಯಲ್ಲಿ ಬಿಗಿಯಿತು, ಅವಳ ಮೂಗಿನ ತುದಿಯ ಮುಂದೆ ನಿಂತಿತು, ಹೋದ ದಾರಿಯಲ್ಲೇ ಗದ್ದಕ್ಕೆ ಬಂತು. ಅಂಥ ಜಾಬ್ ನಾನು ಅದಕ್ಕೆ ಮುಂಚೆ ಹೊಡೆದಿರಲಿಲ್ಲ, ಆಮೇಲೂ ಹೊಡೆದಿಲ್ಲ. ಆದರೆ ಎಡಗೈ ಗದ್ದಕ್ಕೆ ಬಂದಾಗ ಬಲಗೈ ಅಲ್ಲಿ ಇರಲಿಲ್ಲ. ಅದು ತನ್ನ ಪಾಡಿಗೆ ಕೆಳಗೆ ಹೋಗಿತ್ತು. ನಾನು ಬಗ್ಗಿ, ಗ್ಲೌಸ್ ಹಾಕಿದ ಕೈಯಿಂದ ನಂದಿನಿಯ ಪಾದ ಮುಟ್ಟಿ, ಆ ಗ್ಲೌಸನ್ನೇ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಆಗ ಅವಳ ಗುದ್ದು ನನ್ನ ನೆತ್ತಿಗೆ ಬಿತ್ತು. ಪಾಪ, ಅವಳು ಗುರಿ ಇಟ್ಟದ್ದು ನನ್ನ ಎದೆಗೆ. ನೆತ್ತಿ ಅಲ್ಲಿಗೆ ಬಂದದ್ದು ನನ್ನ ತಪ್ಪು.

ಹಾಲಿನಲ್ಲಿ ಯಾರೋ ಕಿಸಕ್ಕೆಂದರು. ರೆಫ್ರಿ ಮೂಲೆಯಲ್ಲಿ ಕೂತ ತೀರ್ಪುಗಾರರ ಜೊತೆ ಮಾತಾಡಿ ಬಂದು ನಂದಿನಿಯ ಕಡೆ ಕೈ ಎತ್ತಿದರು. ನನ್ನ ಕಣ್ಣಲ್ಲಿ ನೀರು ಬಂತು. ಗೆದ್ದ ಗುದ್ದು ಅದು, ನನಗೆ ಗೊತ್ತಿತ್ತು. ಮ್ಯಾಟ್ ಬಿಟ್ಟು ಓಡಲು ಹೊರಟೆ. ಗೆರೆಯ ಆಚೆಯಿಂದ ಮಿಸ್‌ನ ಮಾತು ಬಂತು.

“ಮೊದ್ಲು ಬಾಗು. ಆಮೇಲೆ ಅಳು.”

ತಿರುಗಿ ಬಂದು ಬಾಗಿದೆ. ನಂದಿನಿಯೂ ಬಾಗಿದಳು. ತಕ್ಷಣ ಅಜ್ಜಿ ಎದ್ದಳು.

ಕೊಡೆ ಹಿಡಿದು ದಡದಡ ಬಂದವಳು ಮ್ಯಾಟಿನ ಅಂಚಿಗೆ ಬಂದಾಗ ಮಾತ್ರ ನಿಂತು, ಚಪ್ಪಲಿ ಬಿಟ್ಟು, ಆಮೇಲೆ ಜಗಳಕ್ಕೆ ಕಾಲಿಟ್ಟಳು. ಮೊದಲು ನಂದಿನಿಯ ಗದ್ದ ಹಿಡಿದು ಮೂಗನ್ನು ಬೆಳಕಿಗೆ ತಿರುಗಿಸಿ ನೋಡಿದಳು.

“ನಿಂಗೆ ತಾಗಿತಾ ಮಗಾ?”

“ಇಲ್ಲ ಅಜ್ಜಿ. ಗಾಳಿ ಬಂತು ಅಷ್ಟೆ.”

“ಇವಳದ್ದು ಮೊದ್ಲು ಹೋಯ್ತೋ ನಿಂದೋ? ನಿಜ ಹೇಳು.”

ನಂದಿನಿ ತನ್ನ ಕರಾಟೆ ಸಾರ್ ಕಡೆ ನೋಡಲಿಲ್ಲ, ಯಾರ ಕಡೆಯೂ ನೋಡಲಿಲ್ಲ. “ಅವಳದ್ದೇ ಮೊದ್ಲು,” ಅಂದಳು.

ಅಜ್ಜಿ ರೆಫ್ರಿಯ ಕಡೆ ತಿರುಗಿದಳು. “ಕೇಳಿದ್ರಾ ಮಾರಾಯ್ರೆ? ಅವಳೇ ಹೇಳ್ತಾಳೆ. ದಸರಾದಿಂದ ನೋಡ್ತಾ ಇದೀನಿ ನಾನು ಆ ಗುದ್ದು. ಕೊಡೆಗೆ ಹಿಟ್ಟು ಹತ್ತೋದಿಲ್ಲ!”

ರೆಫ್ರಿ ಒಳ್ಳೆಯ ಮನುಷ್ಯ. ಕೈ ಮುಗಿದು ಹೇಳಿದರು: “ಗುದ್ದು ಭಾರಿ ಚೆನ್ನಾಗಿತ್ತು ಅಜ್ಜಿ. ಆದ್ರೆ ಗುದ್ದಿದ ಮೇಲೂ ಎದುರಿಗಿರೋಳ ಮೇಲೆ ಕಣ್ಣಿರ್ಬೇಕು. ನಾನಿನ್ನೂ ನಿಲ್ಲಿಸು ಅಂದಿರ್ಲಿಲ್ಲ. ನಿಮ್ಮ ಹುಡುಗಿ ಕೈ ಇಳಿಸಿ ತಲೆ ಬಗ್ಗಿಸಿಬಿಟ್ಳು. ಹಂಗೆ ಮಾಡಿದ್ರೆ ಪಾಯಿಂಟ್ ಇಲ್ಲ. ಎದೆಗೆ ಬಂದ ಗುದ್ದಿಗೆ ತಾನೇ ತಲೆ ಕೊಟ್ಟದ್ದಕ್ಕೆ ಪಾಯಿಂಟ್ ಆ ಹುಡುಗಿಗೆ.”

“ಅವಳು ಯಾಕೆ ಬಗ್ಗಿದ್ದು ಅಂತ ನಿಮಗೆ ಗೊತ್ತಾ? ಅವಳು ಬಗ್ಗಿದ್ದು...”

ಅಜ್ಜಿಯ ಮಾತು ಅಲ್ಲೇ ನಿಂತಿತು. ಬಾಯಿ ತೆರೆದೇ ಇತ್ತು. ನನ್ನನ್ನು ನೋಡಿದಳು. ನನ್ನ ಗ್ಲೌಸು ನೋಡಿದಳು. ಆಮೇಲೆ ಹೋಗಿ ಚಪ್ಪಲಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಳು. ಗಿರಣಿಯ ಬೆಂಚಿನ ಮೇಲೆ ಕೂತು ಊರಿಗೆಲ್ಲ ತೀರ್ಪು ಕೊಡುತ್ತಿದ್ದ ನಮ್ಮಜ್ಜಿಯ ಮಾತು ಅರ್ಧಕ್ಕೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸೋತದ್ದಕ್ಕಿಂತ ಅದು ನನಗೆ ಹೆಚ್ಚು ನೋವು ಮಾಡಿತು.

ಉಪ್ಪಿಟ್ಟು ತಿನ್ನುವಾಗ ನಂದಿನಿ ತಟ್ಟೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತಳು. “ನಮ್ಮನೇಲೂ ಹಂಗೇ ಮಾರಾಯ್ತಿ,” ಅಂದಳು. “ನಮ್ಮಮ್ಮನೂ ಬಿಡೋದಿಲ್ಲ. ನಿನ್ನ ಕಾಲು ನಂಗೆ ತಾಗಿದ್ದಕ್ಕೆ ಸರಿ ಹೋಯ್ತು. ಒದ್ದಾಗ ಹೆಂಗೋ ತಡ್ಕೊಂಡೆ, ನಿನ್ನ ಪಾದ ತುಳಿದಿದ್ರೆ ನಾನೂ ಬಗ್ಗಿಬಿಡ್ತಿದ್ದೆನೋ ಎಂತದೋ.” ಇಬ್ಬರಿಗೂ ನಗು ಬಂದು ಉಪ್ಪಿಟ್ಟು ನೆತ್ತಿಗೆ ಹತ್ತಿತು.

ತವರಿಗೆ ಹೋಗಿ ಬನ್ನಿ ಎಂದು ಮಿಸ್ ಹೇಳಿದರೂ ಅಜ್ಜಿ ಬೇಡ ಎಂದಳು. ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿ ಪಕ್ಕ ನನ್ನನ್ನು ಕೂರಿಸಿ, ತಾನು ಈ ಕಡೆ ಕೂತಳು. ತೊಡೆಯ ಮೇಲೆ ಕೊಡೆ, ಅದರ ಮಡಿಕೆಗಳಲ್ಲಿ ಇನ್ನೂ ಅಕ್ಕಿ ಹಿಟ್ಟು. ಇನ್ನು ಕ್ಲಾಸಿಗೆ ಕಳಿಸುತ್ತಾಳೋ ಇಲ್ಲವೋ ಎಂಬುದೊಂದೇ ನನ್ನ ಚಿಂತೆ. ಕರಾರು ಪಾಲಿಸಿದ್ದೆ, ನಿಜ. ಆದರೆ ಅಜ್ಜಿಯ ಮುಖ ನೋಡಿದರೆ ಯಾವುದೂ ಸರಿಯಿರಲಿಲ್ಲ. ಕೊಪ್ಪ ಹತ್ತಿರ ಬಂದಾಗ ಅವಳು ನನ್ನ ನೆತ್ತಿಯ ಬುಗುಟನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದಳು.

“ನೋವಿದ್ಯಾ?”

“ಇಲ್ಲ.”

“ಸುಳ್ಳು ಹೇಳ್ಬೇಡ.” ಕಿಟಕಿಯ ಆಚೆ ನೋಡುತ್ತಲೇ ಹೇಳಿದಳು. “ಇನ್ಮೇಲೆ ಅಲ್ಲೇ ಆಗಲೇ ಬೇಡ. ಅವರು ನಿಲ್ಲಿಸು ಅಂದ ಮೇಲೆ ಮುಟ್ಟಿ ಕಣ್ಣಿಗೊತ್ಕೋ.”

“ಅಲ್ಲೀವರೆಗೆ?”

“ಅಲ್ಲೀವರೆಗಿನ ಪಾಪ ನಂಗಿರ್ಲಿ. ನೀ ಗುದ್ದು.”

ನಾನು ಅಜ್ಜಿಯ ತೋಳಿಗೆ ಮುಖ ಒತ್ತಿಕೊಂಡು ಜೋರಾಗಿ ಅತ್ತೆ. ಕಂಡಕ್ಟರು ಕೂಡ ಏನಾಯ್ತು ಎಂದು ಕೇಳಿದರು. “ಎಂತದೂ ಇಲ್ಲ, ಹುಡುಗಿ ಚೆನ್ನಾಗಿ ಗುದ್ದಿ ಬಂದಿದಾಳೆ” ಅಂದಳು ಅಜ್ಜಿ.

ಆಮೇಲೆ ನನ್ನ ಕಾಲುಗಳಿಗೂ ಬಿಡುಗಡೆಯಾಯಿತು. ಮುಂದಿನ ವರ್ಷ ನಾನು ಚಿಕ್ಕಮಗಳೂರಿಗೂ ಹೋದೆ, ಗೆದ್ದೂ ಬಂದೆ, ಅದೂ ಎಡಗೈಯಿಂದಲೇ. ಪ್ರತೀ ಪಂದ್ಯ ಮುಗಿದು ಬಾಗಿದ ಮೇಲೆ ಎದುರಿನವಳನ್ನು ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಕ್ಲಾಸಿಗೆ ಹೊಸದಾಗಿ ಸೇರಿದ ಸಣ್ಣ ಹುಡುಗಿಯರು ಇದೂ ಕರಾಟೆಯದ್ದೇ ಪದ್ಧತಿ ಎಂದುಕೊಂಡು ಹಾಗೇ ಮಾಡತೊಡಗಿದರು. ಮಿಸ್ ಬೇಡ ಅನ್ನಲಿಲ್ಲ. ಭಂಡಿಗಡಿಯವಳು ಕೂಡ ಮಾಡಿದಳು, ಅದೂ ನನಗೇ. ನಾನು ಆಶೀರ್ವಾದ ಮಾಡಲು ಮರೆಯಲಿಲ್ಲ.

ಈಗ ಆ ಊಟದ ಹಾಲಿಗೆ ಹೊಳೆಯುವ ಟೈಲ್ಸ್ ಬಂದಿದೆ, ಕ್ಲಾಸಿಗೆ ಕೊಡುವುದಿಲ್ಲ. ಮಿಸ್‌ನ ಯಜಮಾನರಿಗೆ ವರ್ಗವಾಗಿ ಅವರು ಹೊರಟುಹೋದರು. ಜನ ಪ್ಯಾಕೆಟ್ ಹಿಟ್ಟು ತರಲು ಶುರುಮಾಡಿದ ಮೇಲೆ ಗಿರಣಿಯೂ ನಿಂತಿತು. ಆ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ. ಒಳಗೆ ಹೋದರೆ ನನ್ನ ಮೂಗು ಈಗಲೂ ರಾಗಿ ವಾಸನೆ ಹುಡುಕುತ್ತದೆ, ಸಿಗುವುದಿಲ್ಲ. ನನ್ನ ಎಡಭುಜ ಮೊದಲಿನಷ್ಟು ಮೇಲೇಳುವುದಿಲ್ಲ, ಆದರೂ ಹತ್ತಿರ ಬಂದು ನಿಲ್ಲಿ ಎಂದರೆ ನಿಮ್ಮ ಮೂಗಿನವರೆಗೆ ಹೋಗಿ ಬರುವಷ್ಟು ಕೈ ಇನ್ನೂ ಇದೆ.

ನಾನು ಈಗ ಕೊಪ್ಪದಲ್ಲಿದ್ದೇನೆ, ಅದೇ ರಸ್ತೆಯ ಬಸ್ಸಿನಲ್ಲೇ ಓಡಾಡುತ್ತೇನೆ. ಯಾರಾದರೂ ಕಾಲು ತುಳಿದರೆ “ಸಾರಿ ಆಂಟಿ” ಅನ್ನುತ್ತಾರೆ. ಒಳ್ಳೆಯ ಮಕ್ಕಳೇ, ಬೈಯುವಂಥದ್ದೇನಿಲ್ಲ. ಕೈಯಲ್ಲಿ ಮೊಬೈಲು ಇರುತ್ತದೆ, ಕೈ ಕೆಳಗೆ ಬರುವುದಿಲ್ಲ, ಅಷ್ಟೆ. ನನ್ನ ಕಾಲು ಯಾರಿಗಾದರೂ ತಾಗಿದರೆ ನನ್ನ ಬಲಗೈ ಮಾತ್ರ ಈಗಲೂ ಹೊರಡುತ್ತದೆ. ಎಷ್ಟೋ ಸಲ ನಾನು ಬಗ್ಗುವಷ್ಟರಲ್ಲಿ ಅವರು ಇಳಿದು ಹೋಗಿರುತ್ತಾರೆ. ಬಸ್ಸು ಮುಂದೆ ಹೋಗುತ್ತದೆ, ಕೈ ಅರ್ಧ ದಾರಿಯಲ್ಲೇ ಉಳಿಯುತ್ತದೆ.

ಆಗೆಲ್ಲ ಒಮ್ಮೆ ಪಕ್ಕದ ಸೀಟಿನ ಕಡೆ ನೋಡುತ್ತೇನೆ. ಆ ಪಾಪ ನಂಗಿರ್ಲಿ, ನೀ ಹೋಗು ಅನ್ನಲು ಅಲ್ಲಿ ಯಾರೂ ಇರುವುದಿಲ್ಲ.